ಹತ್ತು ವರ್ಷದ ಕೈ

ಜಟ್ಟೆಪ್ಪ ಹೇಳಿದ್ದು ಒಂದೇ ಸುಳ್ಳು. ಸಾವಿರ ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡಿಸು ಎಂದು ಹಿರಿಯರೇ ಅಪ್ಪಣೆ ಕೊಟ್ಟಿರುವಾಗ, ಒಂದಕ್ಕೇ ನಿಲ್ಲಿಸಿದ್ದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ ಇತ್ತು. ಆ ಸುಳ್ಳನ್ನು ಅವನು ಅಕ್ಕನ ಮಗ ಬಸವಪ್ರಭುವಿಗೆ ತಿಳಿಸಿದ್ದು ಮಂಗಳವಾರ ಬೆಳಿಗ್ಗೆ ಏಳೂವರೆಗೆ. ಬಸವಪ್ರಭು ಆಗ ಪುಣೆ ಹತ್ತಿರದ ನಿಗಡಿಯಿಂದ ತಳೇಗಾಂವಕ್ಕೆ ಹೋಗುವ ಬಸ್ಸಿನಲ್ಲಿ ಒಂದೇ ಕಾಲಿನ ಮೇಲೆ ನಿಂತಿದ್ದ. ಇನ್ನೊಂದು ಕಾಲಿಗೆ ಜಾಗ ಸಿಕ್ಕಿರಲಿಲ್ಲ.

"ಪ್ರಭು, ಇವತ್ತ ಮೂರು ಗಂಟೆಕ್ಕ ಹುಡುಗಿ ಕಡೆಯವರು ನಿನ್ನ ಶೆಡ್ಡಿಗೆ ಬರಾಕತ್ತಾರ. ಹುಡುಗನ ಉದ್ಯೋಗ ಕಣ್ಣಾರೆ ನೋಡಬೇಕಂತ."

"ಬರ್ಲಿ ಮಾಮಾ. ನನ್ನ ಟೇಬಲ್ ಒರಸಿ ಇಡ್ತೀನಿ."

"ಟೇಬಲ್ ಬ್ಯಾಡ. ನೀ ಮಿಗ್ ವೆಲ್ಡರ್ ಅಂತ ಹೇಳೀನಿ. ಹತ್ತು ವರ್ಷದ ಅನುಭವ."

ಬಸ್ಸು ಬ್ರೇಕ್ ಹಾಕಿತು. ಬಸವಪ್ರಭು ಮುಂದಿದ್ದ ಹೆಂಗಸಿನ ಕೊತ್ತಂಬರಿ ಚೀಲದ ಮೇಲೆ ಬಿದ್ದು, ಅವಳಿಂದ ಮರಾಠಿಯಲ್ಲಿ ನಾಲ್ಕು ಮಾತು ಕೇಳಿ, ಮತ್ತೆ ಫೋನು ಹಿಡಿದ.

"ಮಾಮಾ, ನಾ ಕ್ಲರ್ಕ್."

"ಅದಕ್ಕ ಹನ್ನೊಂದು ಕಡೆ ಒಲ್ಲೆ ಅಂದ್ರಲ್ಲಪಾ. ಹನ್ನೆರಡನೇ ಕಡೆ ಕ್ಲರ್ಕ್ ಅಂತ ಹೇಳಾಕ ನನಗ ನಾಲಿಗಿ ಏಳಲಿಲ್ಲ."

ಜಟ್ಟೆಪ್ಪ ಹೇಳಿದ್ದರಲ್ಲಿ ನಿಜವಿತ್ತು. ಊರಲ್ಲಾದರೆ ಕ್ಲರ್ಕಿಗೆ ಒಂದು ಮಾನವಿತ್ತು. ತಳೇಗಾಂವದ ಕಾರ್ಖಾನೆಗಳ ನಡುವೆ ಕ್ಲರ್ಕ್ ಎಂದರೆ ಫ್ಯಾನಿನ ಕೆಳಗೆ ಕೂತು ಬೇರೆಯವರ ಬೆವರನ್ನು ಮೂರು ಪ್ರತಿಯಲ್ಲಿ ಬರೆದಿಡುವವ. ತಂತಿ ಕರಗಿಸಿ ಕಬ್ಬಿಣ ಬೆಸೆಯುವ ಮಿಗ್ ವೆಲ್ಡರನ ಮಾತೇ ಬೇರೆ. ಒಬ್ಬ ವೆಲ್ಡರ್ ರಜೆ ಹಾಕಿದರೆ ಶೆಡ್ಡು ನಿಲ್ಲುತ್ತದೆ. ಬಸವಪ್ರಭು ಹೋದ ವರ್ಷ ಜ್ವರವೆಂದು ಆರು ದಿನ ಬಂದಿರಲಿಲ್ಲ. ಏಳನೆಯ ದಿನ ಮಾಲೀಕ, "ಯಾಕೋ ಇವತ್ತ ಬೇಗ ಬಂದಿ?" ಎಂದು ಕೇಳಿದ್ದ.

ಇಷ್ಟಾದರೂ ಅವನು, ಮಾಮಾ, ಇದು ಆಗುವ ಮಾತಲ್ಲ ಎಂದು ಫೋನು ಇಡಬಹುದಿತ್ತು. ಇಡಲಿಲ್ಲ. ಕಾರಣ ಅಂಗಿಯ ಜೇಬಿನಲ್ಲಿದ್ದ ಫೋಟೋ. ಅದರಲ್ಲಿ ಶೈಲಾ ನಗುತ್ತಿರಲಿಲ್ಲ. ಕ್ಯಾಮೆರಾ ಸ್ವಲ್ಪ ಓರೆಯಾಗಿದೆ, ನೆಟ್ಟಗೆ ಹಿಡಿಯಿರಿ ಎಂದು ಇನ್ನೇನು ಹೇಳಲಿದ್ದಾಳೆ ಎನ್ನುವಂತಿತ್ತು ಮುಖ. ಮೂವತ್ತನಾಲ್ಕು ವರ್ಷದಲ್ಲಿ ಯಾರೂ ಅವನನ್ನು ಅಷ್ಟು ಗಮನವಿಟ್ಟು ನೋಡಿರಲಿಲ್ಲ, ಫೋಟೋದಲ್ಲೂ. ಹುಡುಗಿ ಯಾವುದೋ ಕಂಪನಿಯಲ್ಲಿದ್ದಾಳೆ ಎಂದಷ್ಟೇ ಜಟ್ಟೆಪ್ಪ ಹೇಳಿದ್ದ. ಕಂಪ್ಯೂಟರ್ ಮುಂದೆ ಇರಬೇಕು ಎಂದುಕೊಂಡು ಬಸವಪ್ರಭು ಹನ್ನೊಂದು ದಿನದಿಂದ ಆ ಫೋಟೋವನ್ನು ಬಸ್ಸಿನಲ್ಲಿ, ಕ್ಯಾಬಿನ್ನಿನಲ್ಲಿ, ಅನ್ನ ಬೇಯುವಾಗ ಒಲೆಯ ಪಕ್ಕದಲ್ಲಿ ನೋಡುತ್ತಿದ್ದ. ಅವಳಿಗಾಗಿ ಬೆಂಕಿಗೂ ಬೀಳುತ್ತೇನೆ ಎಂದು ಒಮ್ಮೆ ಅಂದುಕೊಂಡದ್ದೂ ಉಂಟು. ಅದು ಇಷ್ಟು ಬೇಗ ಬರುತ್ತದೆಂದು ಅಂದುಕೊಂಡಿರಲಿಲ್ಲ.

ಎಂಟೂವರೆಗೆ ಶೆಡ್ಡು ತಲುಪಿದಾಗ ಒಂದು ಒಳ್ಳೆಯ ಸುದ್ದಿ ಕಾದಿತ್ತು. ಮಾಲೀಕ ಯಾವುದೋ ಗೋದಾಮಿನ ಅಳತೆ ತೆಗೆಯಲು ಶಿರೂರಿಗೆ ಹೋಗಿದ್ದ, ಸಂಜೆಯವರೆಗೆ ಬರುವುದಿಲ್ಲ. ಬಸವಪ್ರಭು ನೇರವಾಗಿ ಭೀಮುವಿನ ಬಳಿ ಹೋದ. ಭೀಮು ಶೆಡ್ಡಿನ ಏಕೈಕ ಮಿಗ್ ವೆಲ್ಡರ್. ಸಿಂದಗಿ ಕಡೆಯವನು. ಹೆಂಡತಿಗಿಂತ ಎರಡು ವರ್ಷ ಮೊದಲಿನಿಂದ ಆ ಮಷಿನ್ ಜೊತೆ ಸಂಸಾರ ಮಾಡುತ್ತಿದ್ದವನು.

ವಿಷಯ ಕೇಳಿ ಭೀಮು ಬೀಡಿ ಆರಿಸಿದ. "ಸಾಹೇಬ್ರ, ನನಗ ಈ ಕೈ ಬರಾಕ ಒಂದೂವರಿ ವರ್ಷ ಹಿಡೀತು."

"ನನ್ನ ಕಡೆ ಆರೂವರಿ ತಾಸು ಅದ."

"ಊಟದ ಬಿಡುವು ಹಿಡದೋ, ಬಿಟ್ಟೋ?"

ಮಷಿನ್ ಮೂಲೆಯಲ್ಲಿ ಕುಳಿತಿತ್ತು. ಪೆಟ್ಟಿಗೆಯಷ್ಟು ದೊಡ್ಡದು. ಹೊಟ್ಟೆಯೊಳಗೆ ತಂತಿಯ ಉಂಡೆ, ಬೆನ್ನಿಗೆ ಆನಿಸಿ ನಿಲ್ಲಿಸಿದ ಗ್ಯಾಸ್ ಸಿಲಿಂಡರ್, ಮುಂದೆ ಆನೆಯ ಸೊಂಡಿಲಿನಂಥ ಪೈಪು, ಅದರ ತುದಿಗೆ ಟಾರ್ಚ್ ಎಂಬ ಹಿಡಿಕೆ. ಏಳು ವರ್ಷ ಬಸವಪ್ರಭು ಅದರ ಕರೆಂಟು, ತಂತಿ, ಗ್ಯಾಸು ಎಲ್ಲದರ ಲೆಕ್ಕ ಬರೆದಿದ್ದ. ಇವತ್ತಿನವರೆಗೆ ಮುಟ್ಟಿರಲಿಲ್ಲ.

"ಕೇಳ್ರಿ," ಎಂದ ಭೀಮು. "ಈ ಗುಂಡಿ ಒತ್ತಿದ್ರ ತಂತಿ ಹೊರಗ ಬರ್ತದ. ಕರೆಂಟ್ ಹತ್ತಿ ಆ ತಂತಿನೇ ಕರಗಿ ಎರಡು ಪ್ಲೇಟ್ ಕೂಡಸ್ತದ. ಸುತ್ತಲ ಗ್ಯಾಸ್ ಬಂದು ಹೊರಗಿನ ಗಾಳಿ ತಾಗದಂಗ ಕಾಯ್ತದ. ಈ ಚಿಮಟಾ ಪ್ಲೇಟಿಗೆ ಕಚ್ಚಿಸಬೇಕು, ಇದು ಅರ್ಥಿಂಗ್. ಇಷ್ಟ ಅದ ನೋಡ್ರಿ."

"ಇಷ್ಟೇನಾ?"

"ಮದುವಿನೂ ಹೇಳಾಕ ಇಷ್ಟ ಅದ."

ಬಸವಪ್ರಭು ಚರ್ಮದ ಏಪ್ರನ್ ಕಟ್ಟಿಕೊಂಡ. ಅದು ಭೀಮುವಿನ ಅಳತೆಯದು. ಇವನ ಮೈಮೇಲೆ ಗಂಗೆತ್ತಿನ ಝೂಲಿನಂತೆ ಕಾಣುತ್ತಿತ್ತು. ತಲೆಗೆ ಕಪ್ಪು ಗಾಜಿನ ಹೆಲ್ಮೆಟ್ ಹಾಕಿಕೊಂಡು ಮುಖದ ಮೇಲೆ ಇಳಿಸಿದ. ಜಗತ್ತು ಆರಿಹೋಯಿತು. ಆ ಕತ್ತಲೆಯಲ್ಲಿ ಧೈರ್ಯ ಮಾಡಿ ಗುಂಡಿ ಒತ್ತಿದ. ಕಿಡಿ ಬರಲಿಲ್ಲ. ಏನೋ ಸರಸರ ಹರಿಯುತ್ತಿರುವ ಸದ್ದು ಮಾತ್ರ ಕೇಳಿಸಿತು. ಬೆಂಕಿ ಸ್ವಲ್ಪ ತಡವಾಗಿ ಬರುತ್ತದೇನೋ ಎಂದು ಇನ್ನಷ್ಟು ಬಲವಾಗಿ ಒತ್ತಿ ಹಿಡಿದ.

"ತಮ್ಮಾ, ಶಾವಿಗಿ ಒತ್ತಾಕತ್ತೀಯೇನು?" ಎಂದಿತು ಒಂದು ಹೆಣ್ಣು ದನಿ.

ಹೆಲ್ಮೆಟ್ ಎತ್ತಿ ನೋಡಿದರೆ ಟಾರ್ಚಿನಿಂದ ಮೂರು ಮಾರು ತಂತಿ ಹೊರಬಂದು ನೆಲದ ಮೇಲೆ ಸುರುಳಿ ಸುತ್ತಿತ್ತು. ಎದುರಿಗೆ ಚಂದಮ್ಮ ನಿಂತಿದ್ದಳು. ಗೇಟಿನ ಬಳಿ ಭಜಿಯ ಗಾಡಿ ಇಟ್ಟುಕೊಂಡವಳು. ಶೆಡ್ಡಿನೊಳಗೆ ಯಾರಿಗೆ ಏನಾದರೂ ಅವರಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು.

"ಅರ್ಥಿಂಗ್ ಹಚ್ಚೇ ಇಲ್ಲಲ್ರಿ ಸಾಹೇಬ್ರ," ಎಂದು ಭೀಮು ಚಿಮಟವನ್ನು ಎತ್ತಿ ತೋರಿಸಿದ. ಅದು ಅವನ ಕೈಯಲ್ಲೇ ಇತ್ತು.

ಅರ್ಥಿಂಗ್ ಹಚ್ಚಿದ ಮೇಲೆ ಕಿಡಿ ಬಂತು. ಬಂದದ್ದು ಹೇಗೆಂದರೆ, ಬಸವಪ್ರಭು ಎರಡು ಹೆಜ್ಜೆ ಹಿಂದಕ್ಕೆ ಹಾರಿದ, ಟಾರ್ಚು ಬಿಡಲಿಲ್ಲ, ಗುಂಡಿಯನ್ನೂ ಬಿಡಲಿಲ್ಲ. ಒಂದು ಕಿಡಿ ಏಪ್ರನ್ನಿನ ಪಕ್ಕದಿಂದ ನುಸುಳಿ ಟೆರಿಕಾಟ್ ಅಂಗಿಯಲ್ಲಿ ಬಟಾಣಿ ಗಾತ್ರದ ತೂತು ಮಾಡಿ ಹೋಯಿತು. ಆದರೂ ಅವನ ಎದೆ ಹೊಡೆದುಕೊಳ್ಳುತ್ತಿದ್ದದ್ದು ಭಯದಿಂದ ಅಲ್ಲ. ಕಪ್ಪು ಗಾಜಿನೊಳಗಿನಿಂದ ಅವನು ಅದನ್ನು ನೋಡಿದ್ದ. ಕತ್ತಲಲ್ಲಿ ಒಂದು ಹಸಿರು ಚುಕ್ಕೆ, ಅದರ ಕೆಳಗೆ ಕರಗಿದ ಕಬ್ಬಿಣದ ಪುಟ್ಟ ಕೆರೆ.

"ಭೀಮು, ಮತ್ತೊಮ್ಮೆ," ಎಂದ.

ಮತ್ತೊಮ್ಮೆ ಮಾಡಿದ್ದು ಢೋಕಳದಂತೆ ಬಂತು. ಮೈತುಂಬ ತೂತು. ಭೀಮು ಬಗ್ಗಿ ನೋಡಿ ಸಿಲಿಂಡರಿನ ಕಡೆ ಹೋದ. ವಾಲ್ವ್ ತಿರುಗಿಸಿರಲಿಲ್ಲ. ತಿರುಗಿಸಿ, ಮೇಲಿನ ಗಾಜಿನ ನಳಿಗೆಯಲ್ಲಿ ಗುಂಡು ಹನ್ನೆರಡರ ಗೆರೆಗೆ ಏರುವುದನ್ನು ತೋರಿಸಿದ. ಆಮೇಲೆ ಬಸವಪ್ರಭು ಎಳೆದ ಇನ್ನೊಂದು ಗೆರೆಯೂ ಢೋಕಳವೇ ಆಯಿತು. ಇನ್ನೊಂದು, ಮತ್ತೊಂದು. ಭೀಮು ತಂತಿ ಬದಲಿಸಿದ, ಟಾರ್ಚಿನ ಮೂತಿ ಬಿಚ್ಚಿ ತೊಳೆದ, ಸಿಲಿಂಡರಿಗೆ ಕಿವಿ ಹಚ್ಚಿ ಕೇಳಿದ, ಗ್ಯಾಸ್ ತುಂಬಿದವನ ತಂದೆ ತಾಯಿಯನ್ನು ನೆನೆದ. ಹೀಗೆ ಮುಕ್ಕಾಲು ತಾಸು ಹೋಯಿತು.

ಕೊನೆಗೆ ಭೀಮು ಬೆನ್ನು ನೆಟ್ಟಗೆ ಮಾಡಿ, "ಯಾಕೋ ಇವತ್ತ ಇಲ್ಲಿ ಭಾಳ ತಂಪ ಅದ," ಎಂದ.

ಹಿಂದೆ ಮಾಂತು ನಿಂತಿದ್ದ. ಮಾಂತು ಶೆಡ್ಡಿನ ಸ್ಟೋರ್ ನೋಡಿಕೊಳ್ಳುವವನು. ಕೈಗವಸು ಕೇಳಿದರೆ ಕೊಡುವುದು, ಕೇಳದಿದ್ದರೆ ಗೋಣಿಚೀಲದ ಮೇಲೆ ಮಲಗುವುದು ಅವನ ಕೆಲಸ. ಯಾವ ಕೆಲಸಕ್ಕೂ ತಾನಾಗಿ ಏಳದ ಅವನು, ಇವತ್ತು ಮದುವೆಯ ವಿಷಯವೆಂದು ಕೇಳಿ ಪ್ರೀತಿಯಿಂದ ದೊಡ್ಡ ಪೆಡೆಸ್ಟಲ್ ಫ್ಯಾನ್ ತಂದು ಬಸವಪ್ರಭುವಿನ ಬೆನ್ನಿಗೆ ಹಚ್ಚಿ ಇಟ್ಟಿದ್ದ.

"ಪ್ರಭು ಅಣ್ಣಾಗ ಸೆಕಿ ಆಗ್ತದಂತ," ಎಂದ ಮಾಂತು.

ಫ್ಯಾನಿನ ಗಾಳಿಗೆ ಗ್ಯಾಸೆಲ್ಲ ತಳೇಗಾಂವದ ಆಕಾಶಕ್ಕೆ ಹೋಗುತ್ತಿತ್ತು. ಭೀಮು ಫ್ಯಾನ್ ಆರಿಸಿ, ಮಾಂತುವಿನ ಭುಜ ಹಿಡಿದು, ಗೋಣಿಚೀಲದವರೆಗೆ ಬಿಟ್ಟುಬಂದ.

ಹನ್ನೊಂದಕ್ಕೆ ಬೇರೆ ತೊಂದರೆ ಶುರುವಾಯಿತು. ಗೆರೆಗೆ ತೂತು ಬೀಳುತ್ತಿರಲಿಲ್ಲ, ಆದರೆ ತಂತಿ ಕರಗುವ ಬದಲು ಪ್ಲೇಟಿಗೆ ಕುಕ್ಕುತ್ತಿತ್ತು. ಟಪ್ ಟಪ್ ಎಂದು ಬಡಿದು, ಗೆರೆ ಹಗ್ಗದ ತುಂಡಿನಂತೆ ಮೇಲೇ ಕೂರುತ್ತಿತ್ತು. ಭೀಮು ಕೈ ನೋಡುತ್ತಿದ್ದ, ಕೋನ ನೋಡುತ್ತಿದ್ದ, ತಪ್ಪು ಸಿಗಲಿಲ್ಲ. ಗೇಟಿನ ಕಡೆಯಿಂದ ಚಂದಮ್ಮನ ದನಿ ಬಂತು.

"ಎಣ್ಣಿ ಕಾದಿಲ್ಲ ತಮ್ಮಾ."

"ಅಕ್ಕಾ, ಇದು ಭಜಿ ಅಲ್ಲ."

"ನನಗ ಕಣ್ಣಿಗೆ ಕಾಣೂದಿಲ್ಲಪಾ, ಕಿವಿಗೆ ಕೇಳಸ್ತದ. ಕಾಯದ ಎಣ್ಣ್ಯಾಗ ಹಿಟ್ಟ ಬಿಟ್ರ ಹಿಂಗ ತಳಕ್ಕ ಕುಂಡ್ರತದ. ಉರಿ ಏರಸು."

ಭೀಮು ತಲೆ ಕೆರೆದುಕೊಂಡು ವೋಲ್ಟೇಜ್ ಗುಂಡಿಯನ್ನು ಒಂದು ಮನೆ ಏರಿಸಿದ. ಬಸವಪ್ರಭು ಒತ್ತಿದ. ಸದ್ದು ಬದಲಾಯಿತು. ಇನ್ನೊಂದು ಮನೆ ಏರಿಸಿದಾಗ ಚರಚರ ಎಂದು ಒಂದೇ ಸಮನೆ, ಕಾದ ಎಣ್ಣೆಯಲ್ಲಿ ಈರುಳ್ಳಿ ಭಜಿ ತೇಲುವ ಸದ್ದು.

"ಈಗ ಕಾದದ ನೋಡು," ಎಂದಳು ಚಂದಮ್ಮ, ಭಜಿ ಎತ್ತುವ ಝಾರಾ ಆಡಿಸುತ್ತ.

ಆ ಹೊತ್ತಿನಿಂದ ಬಸವಪ್ರಭುವಿಗೆ ಇಬ್ಬರು ಗುರುಗಳಾದರು. ಭೀಮು ಕಣ್ಣಿಗೆ, ಚಂದಮ್ಮ ಕಿವಿಗೆ. ಬೇಗ ಓಡಿಸಿದರೆ ಭೀಮು, "ಸಾಹೇಬ್ರ, ಬಸ್ ಹಿಡಿಯೋದಿಲ್ಲ" ಎನ್ನುತ್ತಿದ್ದ. ನಿಧಾನಿಸಿದರೆ ಚಂದಮ್ಮ, "ಸೀದ ವಾಸನಿ ಬಂತು" ಎನ್ನುತ್ತಿದ್ದಳು. ನಡುವೆ ಒಮ್ಮೆ ತಂತಿ ಮೂತಿಯಲ್ಲಿ ಸಿಕ್ಕಿ, ಮಷಿನ್ನಿನ ಹೊಟ್ಟೆಯೊಳಗೇ ಸುತ್ತಿಕೊಂಡು ಗುಬ್ಬಿಗೂಡಾಯಿತು. ಅದನ್ನು ಕತ್ತರಿಸಿ ತೆಗೆಯುವಷ್ಟರಲ್ಲಿ ಹನ್ನೆರಡೂವರೆ. ಊಟ ಯಾರಿಗೂ ನೆನಪಾಗಲಿಲ್ಲ. ಚಂದಮ್ಮ ಭಜಿ ತಂದು ಇಬ್ಬರ ಬಾಯಿಗೂ ತುರುಕಿ ಹೋದಳು.

ಒಂದು ಗಂಟೆಗೆ ಬಸವಪ್ರಭು ಎರಡು ಪ್ಲೇಟುಗಳನ್ನು ಕೂಡಿಸಿದ. ಗೆರೆ ಸೊಟ್ಟಗಿತ್ತು, ಒಂದು ಕಡೆ ದಪ್ಪ, ಒಂದು ಕಡೆ ತೆಳು, ಆದರೆ ಕೂಡಿತ್ತು. ಅವನು ಹೆಲ್ಮೆಟ್ ಎತ್ತಿ, ಹೊಸ ಕೂಸನ್ನು ನೋಡುವವನಂತೆ ಅದನ್ನು ನೋಡಿದ.

"ಎತ್ತಿ ತೋರಿಸ್ರಿ," ಎಂದ ಭೀಮು.

ಇಕ್ಕಳದಿಂದ ಹಿಡಿದು ಎತ್ತಿದ. ಪ್ಲೇಟಿನ ಜೊತೆ ಕಬ್ಬಿಣದ ಮೇಜೂ ಎದ್ದಿತು. ಪ್ಲೇಟಿನ ಅಂಚು ಇನ್ನೊಂದು ಪ್ಲೇಟಿಗಿಂತ ಮೇಜಿಗೇ ಗಟ್ಟಿಯಾಗಿ ಬೆಸೆದುಕೊಂಡಿತ್ತು. ಭೀಮು ಅರ್ಧ ತಾಸು ಗ್ರೈಂಡರ್ ಹಿಡಿದು ಕತ್ತರಿಸಿದ. "ಮೂರು ಗಂಟೆಕ್ಕ ಬರೋರಿಗೆ ಮೇಜು ಹೊತಗೊಂಡು ತೋರಿಸಬೇಕಾಗ್ತಿತ್ತು," ಎಂದ.

ಈ ನಡುವೆ ಚಂದಮ್ಮ ಗುರುದಕ್ಷಿಣೆ ಕೇಳಿದಳು. ಅವಳ ಝಾರಾದ ಹಿಡಿಕೆ ಅಲುಗಾಡುತ್ತಿತ್ತಂತೆ, ಒಂದು ಚುಕ್ಕೆ ಹಚ್ಚಿ ಕೊಟ್ಟರೆ ಸಾಕಂತೆ. ಬಸವಪ್ರಭು ಉತ್ಸಾಹದಲ್ಲಿ ಟಾರ್ಚ್ ಹಿಡಿದ. ಝಾರಾದ ತಗಡು ಹಪ್ಪಳದಷ್ಟು ತೆಳ್ಳಗೆ. ಒಂದು ಕ್ಷಣ ಬೆಳಕು ಬಂತು, ಆಮೇಲೆ ಝಾರಾದ ನಡುವೆ ಲಿಂಬೆಹಣ್ಣು ಹಾಯುವಷ್ಟು ತೂತು.

ಚಂದಮ್ಮ ಅದನ್ನು ಕಣ್ಣಿಗೆ ಹಿಡಿದು ಆ ತೂತಿನೊಳಗಿನಿಂದ ಅವನನ್ನು ನೋಡಿದಳು. "ಇದರಾಗ ಮೊದಲ ನೂರು ತೂತು ಇದ್ದವು. ಒಂದು ಹೆಚ್ಚಾತು, ಇರ್ಲಿ. ಮದುವಿಗೆ ಹೊಸಾದು ಕೊಡಸು."

ಎರಡೂವರೆಗೆ ಜಟ್ಟೆಪ್ಪ ಬಂದ. ರುಮಾಲು ಇಸ್ತ್ರಿ ಮಾಡಿಸಿದ್ದ. ಬಂದವನೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪಾಠ ಹೇಳಿಕೊಟ್ಟ.

"ಯಾರ ಕೇಳಿದ್ರೂ ಪ್ರಭು ಹತ್ತು ವರ್ಷದ ವೆಲ್ಡರ್. ಭೀಮು, ನೀ ಅವನ ಕೈಕೆಳಗಿನವ. ನಿನಗ ಕಲಿಸಿದವನೇ ಅವ. ಚಂದಮ್ಮಾ, ನೀ ಬಂದಾಗಿಂದ ಅವನ್ನ ಈ ಮಷಿನ್ ಮುಂದನ ನೋಡೀದಿ. ಇನ್ನ ಒಂದು ಮಾತು. ನಮ್ಮ ಹುಡುಗಂದು ಪುಕ್ಕಲ ಎದಿ. ನಡುವ ಹೆದರಿ ತಾನ ಖರೆ ಹೇಳಿಬಿಟ್ಟಾನು. ಅವ ಹೇಳಿದ್ರೂ ನೀವು ಹೇಳಬ್ಯಾಡ್ರಿ."

"ಅವರು ನನ್ನ ಕಾಲ ಹಿಡದು ಬೇಡಿಕೊಂಡ್ರ?" ಎಂದ ಭೀಮು.

"ಕಾಲ ಕೊಡವಿಕೋ."

ಬಸವಪ್ರಭು ಕೂರುವ ಗಾಜಿನ ಕ್ಯಾಬಿನ್ ಖಾಲಿ ಕಾಣಿಸುತ್ತಿತ್ತು. ಕ್ಲರ್ಕ್ ಇಲ್ಲದ ಶೆಡ್ಡು ಎಂದರೆ ಜಟ್ಟೆಪ್ಪನಿಗೆ ಯಾಕೋ ಅನುಮಾನಕ್ಕೆ ಎಡೆಮಾಡಿಕೊಟ್ಟಂತೆ ತೋರಿತು. ಮಾಂತುವಿಗೆ ಬಸವಪ್ರಭುವಿನ ಇನ್ನೊಂದು ಶುಭ್ರ ಅಂಗಿ ತೊಡಿಸಿ, ತಲೆಗೆ ನೀರು ಹಚ್ಚಿ ಬಾಚಿಸಿ, ಕೈಗೆ ಪೆನ್ನು ಕೊಟ್ಟು ಕುರ್ಚಿಯಲ್ಲಿ ಕೂರಿಸಿದರು.

"ತಲಿ ಎತ್ತಬ್ಯಾಡ. ಯಾರ ಏನ ಕೇಳಿದ್ರೂ ಹೌದ್ರಿ ಅನ್ನು," ಎಂದ ಜಟ್ಟೆಪ್ಪ.

"ಸುಮ್ಮ ಕುಂಡ್ರೂದು ಅಂದ್ರ ನನಗೇನ ತ್ರಾಸ ಇಲ್ರಿ," ಎಂದ ಮಾಂತು.

ಮೂರಕ್ಕೆ ಸರಿಯಾಗಿ ಅವರು ಬಂದರು. ಈರಬಸಪ್ಪ ಅರವತ್ತರ ಗಟ್ಟಿ ಆಳು. ಮುಂಗೈ ತುಂಬ ಸಾಸಿವೆ ಚೆಲ್ಲಿದಂಥ ಸಣ್ಣ ಸಣ್ಣ ಕಪ್ಪು ಕಲೆಗಳಿದ್ದವು. ಸಿಡುಬಿನ ಕಲೆ ಇರಬೇಕು ಎಂದುಕೊಂಡ ಬಸವಪ್ರಭು. ಪಕ್ಕದಲ್ಲಿ ಶೈಲಾ, ಕೈಮಗ್ಗದ ಚೂಡಿದಾರದಲ್ಲಿ. ಫೋಟೋದಲ್ಲಿದ್ದ ಅದೇ ನೋಟದಿಂದ ಶೆಡ್ಡನ್ನು ಒಮ್ಮೆ ನೋಡಿದಳು. ಸಿಲಿಂಡರನ್ನು, ಮಷಿನ್ನನ್ನು, ಅರ್ಥಿಂಗ್ ಚಿಮಟವನ್ನು, ಕೊನೆಗೆ ಏಪ್ರನ್ನಿನೊಳಗೆ ಎಲ್ಲೋ ಇದ್ದ ಬಸವಪ್ರಭುವನ್ನು.

"ಇವರೇನು?" ಎಂದ ಈರಬಸಪ್ಪ.

"ಇವರೇ ರಿ," ಎಂದ ಭೀಮು. "ಹತ್ತು ವರ್ಷ ಆತು. ನನಗ ಕಲಿಸಿದ್ದೂ ಇವರೇ."

"ನಾ ಬಂದಾಗಿಂದ ಈ ತಮ್ಮ ಇಲ್ಲೇ ನಿಂತಾನ್ರಿ," ಎಂದಳು ಚಂದಮ್ಮ. "ಉಣ್ಣಾಕೂ ಹೋಗೂದಿಲ್ಲ."

ಆ ಕೊನೆಯ ಮಾತು ಇವತ್ತಿನ ಮಟ್ಟಿಗೆ ನಿಜವಾಗಿತ್ತು.

"ಒಂದ ಸಣ್ಣದು ಹೊಡದು ತೋರಸ್ತೀರೇನು?" ಎಂದಳು ಶೈಲಾ.

ಬಸವಪ್ರಭು ಏಪ್ರನ್ನಿನ ದಾರ ಬಿಗಿ ಮಾಡಿಕೊಂಡ. ಅವನು ಎರಡು ಪ್ಲೇಟು ಆರಿಸಿ ಗ್ರೈಂಡರಿನಿಂದ ತುಕ್ಕು ತೆಗೆದು ಬೆಳ್ಳಗೆ ಮಾಡಿದ. ಚಿಮಟವನ್ನು ಪ್ಲೇಟಿಗೆ ಕಚ್ಚಿಸಿದ. ಫ್ಯಾನ್ ಕಡೆ ನೋಡಿದ, ಆರಿತ್ತು. ಗ್ಯಾಸಿನ ಗುಂಡು ಹನ್ನೆರಡರಲ್ಲಿತ್ತು. ತಂತಿ ಮೂತಿಯಿಂದ ಒಂದು ಬೆರಳಗಲ ಮುಂದೆ. ಮೊಣಕೈಯನ್ನು ಮೇಜಿಗೆ ಆನಿಸಿ, ಎರಡೂ ಕೈಯಲ್ಲಿ ಟಾರ್ಚ್ ಹಿಡಿದು, "ಕಣ್ಣ ಆ ಕಡೆ ಮಾಡ್ರಿ" ಎಂದು ಹೇಳಲು ತಿರುಗಿದರೆ ತಂದೆ ಮಗಳಿಬ್ಬರೂ ಆಗಲೇ ಮುಖ ತಿರುಗಿಸಿ ನಿಂತಿದ್ದರು. ಹೆಲ್ಮೆಟ್ ಇಳಿಸಿದ.

ಹಸಿರು ಚುಕ್ಕೆ ಹೊತ್ತಿತು. ಚರಚರ ಎಂಬ ಸದ್ದು ಮೊದಲ ಗುಕ್ಕಿಗೇ ಸರಿಯಾಗಿ ಬಂತು. ಬಸವಪ್ರಭು ಕಿಡಿಯನ್ನು ನೋಡಲಿಲ್ಲ, ಅದರ ಹಿಂದಿನ ಕೆರೆಯನ್ನು ನೋಡಿದ. ಕೆರೆ ಎರಡೂ ದಡ ಮುಟ್ಟಿತು, ಮುಂದೆ ಸರಿದ. ಮತ್ತೆ ಮುಟ್ಟಿತು, ಮತ್ತೆ ಸರಿದ. ಏಳು ವರ್ಷ ಕಾಗದದ ಗೆರೆಯ ಮೇಲೆ ಒಂದಕ್ಷರವೂ ಏರುಪೇರಾಗದಂತೆ ಬರೆದ ಕೈ ಅದು. ಕಾಣದ ಗೆರೆಯ ಮೇಲೂ ಹಾಗೇ ಹೋಯಿತು. ನಡುವೆ ಎಲ್ಲೋ ಅವನು ಮದುವೆಯನ್ನು ಮರೆತ, ಜಟ್ಟೆಪ್ಪನನ್ನು ಮರೆತ, ಶೈಲಾಳನ್ನೂ ಮರೆತ. ಕಬ್ಬಿಣ ಅವನ ಮಾತು ಕೇಳುತ್ತಿತ್ತು. ಜನ್ಮದಲ್ಲಿ ಏನೂ ಯಾರೂ ಹೀಗೆ ಅವನ ಮಾತು ಕೇಳಿರಲಿಲ್ಲ.

ಹೆಲ್ಮೆಟ್ ಎತ್ತಿದಾಗ ಪ್ಲೇಟಿನ ಮೇಲೆ ಕೌದಿಯ ಹೊಲಿಗೆಯಂಥ ಗೆರೆ ಇತ್ತು. ಅಲೆ ಮೇಲೆ ಅಲೆ, ಎಲ್ಲವೂ ಒಂದೇ ಅಳತೆ. ಭೀಮು ಬಾಯಿ ತೆರೆದವನು ಮುಚ್ಚಲಿಲ್ಲ. ಬಸವಪ್ರಭುವಿಗೆ ಕುಣಿಯಬೇಕೆನಿಸಿತು. ಆದರೆ ಹತ್ತು ವರ್ಷದ ಅನುಭವಿ ಕುಣಿಯುವುದು ಸರಿಯಲ್ಲವೆಂದು, ದಿನಾ ಇದೇ ಗೋಳು ಎನ್ನುವಂತೆ ಒಮ್ಮೆ ಆಕಳಿಸಿದ.

ಶೈಲಾ ಮೇಜಿನ ಮೇಲಿದ್ದ ಕೈಗವಸು ತೊಟ್ಟು ಪ್ಲೇಟು ಎತ್ತಿದಳು. ತಿರುಗಿಸಿ ಹಿಂಬದಿ ನೋಡಿದಳು. ಬೆಳಕಿಗೆ ಹಿಡಿದಳು. ಸುತ್ತಿಗೆಯಿಂದ ಒಮ್ಮೆ ಬಡಿದು ಕಿವಿಗೊಟ್ಟಳು. ಕಂಪ್ಯೂಟರ್ ಮುಂದೆ ಕೂರುವ ಹುಡುಗಿ ಇಷ್ಟೆಲ್ಲ ಯಾಕೆ ಮಾಡುತ್ತಾಳೆ ಎಂದು ಬಸವಪ್ರಭುವಿಗೆ ಹೊಳೆಯಲಿಲ್ಲ.

"ಅಪ್ಪಾ, ಹತ್ತು ವರ್ಷದ ಕೈನೇ ಅದ," ಎಂದಳು. ದನಿಯಲ್ಲಿ ಮೆಚ್ಚುಗೆ ಇತ್ತು. ಆದರೆ ಮುಖ ಇಳಿದಿತ್ತು.

ಈರಬಸಪ್ಪ ನಿಟ್ಟುಸಿರು ಬಿಟ್ಟ. "ಜಟ್ಟೆಪ್ಪನವರ, ಹುಡುಗನ ಕೈಗೆ ಹೆಸರಿಡೂವಂಗಿಲ್ಲ. ಆದ್ರ ನಮಗ ವೆಲ್ಡರ್ ಬ್ಯಾಡ್ರಿ."

ಭೀಮು ಹೋಗಿ ಗ್ಯಾಸಿನ ವಾಲ್ವ್ ಮುಚ್ಚಿದ.

"ಯಾಕ್ರಿ?" ಎಂದ ಜಟ್ಟೆಪ್ಪ.

"ನಾ ಮೂವತ್ತೆರಡು ವರ್ಷ ಇದನ್ನ ಮಾಡೀನಿ," ಎಂದು ಈರಬಸಪ್ಪ ಮುಂಗೈ ತೋರಿಸಿದ. "ನನ್ನ ಮಗ ಮಾಡ್ತಾನ. ಇಕಿ ಐಟಿಐ ಕಲ್ತು ಚಾಕಣದಾಗ ಗಾಡಿ ಕಂಪನಿಯೊಳಗ ಮಿಗ್ ಲೈನ್ ಮ್ಯಾಲ ಅದಾಳ. ಈಗ ಮೂರೂ ಮಂದಿ ಕೂಡಿ ನಮ್ಮದೇ ವರ್ಕ್‌ಶಾಪ್ ಹಾಕೀವಿ. ಕೆಲಸಕ್ಕ ಕೊರತಿ ಇಲ್ಲ. ಕೊಟೇಶನ್ ಬರಿಯೋರು, ಚಲನ್ ಮಾಡೋರು, ಗಿರಾಕಿಗೆ ನಾಲ್ಕು ಸಾಲು ಉತ್ತರ ಕೊಡೋರು ಮನಿಯೊಳಗ ಒಬ್ಬರೂ ಇಲ್ಲ. ನಮಗ ಬೇಕಾಗಿದ್ದು ಒಬ್ಬ ಕ್ಲರ್ಕ್."

"ಮತ್ತ ವೆಲ್ಡರ್ ಅಂತ ಹೇಳಿದ ಮ್ಯಾಲೂ ಬಂದ್ರಿ?" ಎಂದ ಜಟ್ಟೆಪ್ಪ.

ಶೈಲಾ ಚೀಲದಿಂದ ಒಂದು ಕಾಗದ ತೆಗೆದಳು. ಬಸವಪ್ರಭುವಿನ ಜಾತಕದ ಜೊತೆ ಕಳಿಸಿದ್ದ ಊರು, ಮನೆತನದ ಪರಿಚಯಪತ್ರ. ಅವನೇ ಕೈಯಾರೆ ಬರೆದದ್ದು. ಮುತ್ತಿನಂಥ ಅಕ್ಷರ, ಎಡಕ್ಕೆ ಎರಡು ಬೆರಳು ಅಂಚು, ಕೆಳಗೆ ಗೆರೆ.

"ಈ ಅಕ್ಷರ ನೋಡಿ ಬಂದ್ವಿ," ಎಂದಳು. "ಹಿಂಗ ಬರಿಯೋ ಕೈ ವೆಲ್ಡರಂದು ಆಗಾಕ ಸಾಧ್ಯ ಇಲ್ಲ, ಮಧ್ಯಸ್ಥರು ಸುಳ್ಳ ಹೇಳಿರಬೇಕು ಅಂತ ನಾ ಅಪ್ಪಗ ಹೇಳಿದೆ. ಎಲ್ಲಾರೂ ಹೇಳ್ತಾರಲ್ರಿ. ಅದ ಭರವಸಿ ಮ್ಯಾಲ ಬಂದಿದ್ವಿ."

ಬಸವಪ್ರಭುವಿಗೆ ಇದೆಲ್ಲ ಅರ್ಥವಾಗಲು ಎರಡು ಉಸಿರು ಹಿಡಿಯಿತು. ಮೂರನೆಯದಕ್ಕೆ ಅವನು ಏಪ್ರನ್ ಕಿತ್ತೆಸೆದ.

"ನಾನ ಕ್ಲರ್ಕ್ ರಿ. ಮಾಮಾ ಸುಳ್ಳ ಹೇಳ್ಯಾನ. ಏಳು ವರ್ಷದಿಂದ ಆ ಕ್ಯಾಬಿನ್ನಿನಾಗ ಕುಂತೀನಿ. ಈ ಟಾರ್ಚ್ ಇವತ್ತ ಮುಂಜಾನೆ ಮೊದಲನೇ ಸಲ ಹಿಡದೀನಿ."

ಶೈಲಾ ನಕ್ಕಳು. ಫೋಟೋದಲ್ಲಿ ಇಲ್ಲದ ನಗೆ. ಬಸವಪ್ರಭು ಊಹಿಸಿದ್ದಕ್ಕಿಂತ ಚೆನ್ನಾಗಿತ್ತು. "ನಾ ಐದು ವರ್ಷದಿಂದ ಇಂಥಾ ಗೆರಿ ನೋಡಾಕತ್ತೀನ್ರಿ. ಮುಂಜಾನೆ ಹಿಡದ ಕೈಗೆ ಮಧ್ಯಾಹ್ನ ಇದು ಬರ್ತದಂದ್ರ ನಾ ಕೆಲಸ ಬಿಡಬೇಕು."

"ಭೀಮು, ಹೇಳೋ. ಖರೆ ಹೇಳು."

ಭೀಮು ಜಟ್ಟೆಪ್ಪನ ಕಡೆ ನೋಡಿದ. ಜಟ್ಟೆಪ್ಪ ಆಗ ಎರಡೂ ಕೈ ಬೀಸಿ, ತಲೆ ಅಲ್ಲಾಡಿಸಿ, ಹೇಳು ಹೇಳು ಎಂದು ಸನ್ನೆ ಮಾಡುತ್ತಿದ್ದ. ಅದೂ ಪರೀಕ್ಷೆಯ ಭಾಗವೆಂದು ಭೀಮು ಮನಸ್ಸು ಗಟ್ಟಿಮಾಡಿಕೊಂಡ. "ಹತ್ತು ವರ್ಷ ಆತ್ರಿ," ಎಂದ. "ನನಗ ಕಲಿಸಿದ್ದೂ ಇವರೇ."

"ಉಣ್ಣಾಕೂ ಹೋಗೂದಿಲ್ರಿ," ಎಂದಳು ಚಂದಮ್ಮ ಗೇಟಿನಿಂದ.

ಬಸವಪ್ರಭು ಭೀಮುವಿನ ಕಾಲು ಹಿಡಿದ. ಭೀಮು ಕಾಲು ಕೊಡವಿಕೊಂಡ.

"ಆ ಅಕ್ಷರ ನಂದ ರಿ," ಎಂದು ಬಸವಪ್ರಭು ಎದ್ದು ನಿಂತ. "ಪೆನ್ ಕೊಡ್ರಿ, ಇಲ್ಲೇ ಬರದು ತೋರಸ್ತೀನಿ."

ಶೈಲಾ ಪೆನ್ನು ಕೊಟ್ಟಳು. ಆಸೆಯಿಂದಲೇ ಕೊಟ್ಟಳು. ಬಸವಪ್ರಭು ಕಾಗದದ ಹಿಂಬದಿಗೆ ತನ್ನ ಹೆಸರು ಬರೆಯಲು ಹೋದ. ಆರು ತಾಸು ಟಾರ್ಚು ಹಿಡಿದ ಕೈ ಮರಗಟ್ಟಿತ್ತು, ಬೆರಳು ತೆರೆಯುತ್ತಿರಲಿಲ್ಲ, ಕಣ್ಣಿನಿಂದ ನೀರು ಸುರಿಯುತ್ತಿತ್ತು. 'ಬ' ಜಿಲೇಬಿಯಾಯಿತು. 'ಸ' ಕಾಗದ ಹರಿದುಕೊಂಡು ಆಚೆ ಹೋಯಿತು. 'ವ' ಬರೆಯುವ ಮೊದಲು ಈರಬಸಪ್ಪ ಮೆಲ್ಲಗೆ ಪೆನ್ನು ಬಿಡಿಸಿಕೊಂಡ.

"ಇರ್ಲಿ ಬಿಡ್ರಿ. ನನ್ನ ಅಕ್ಷರನೂ ಹಿಂಗ ಅದ. ನಮ್ಮ ಕಸುಬ ಅಂಥಾದ್ದು," ಎಂದು ಭುಜ ತಟ್ಟಿದ. ಅಪ್ಪನ ಹಾಗೆ ತಟ್ಟಿದ. ಅದು ಇನ್ನೂ ಕಷ್ಟವಾಗಿತ್ತು.

ಶೈಲಾ ಕಾಗದ ಮಡಚಲಿಲ್ಲ. ಮತ್ತೊಮ್ಮೆ ತಿರುಗಿಸಿ ಮುಂಬದಿಯ ಮುತ್ತಿನಕ್ಷರ ನೋಡಿದಳು. "ಹಂಗಾರ ಇದನ್ನ ನಿಮಗ ಬರದು ಕೊಟ್ಟವರು ಯಾರು?"

ಉತ್ತರಕ್ಕೆ ಕಾಯದೆ ಅವಳು ತಲೆಯೆತ್ತಿ ಗಾಜಿನ ಕ್ಯಾಬಿನ್ನಿನ ಕಡೆ ನೋಡಿದಳು. ಅಲ್ಲಿ ಶುಭ್ರ ಅಂಗಿ ತೊಟ್ಟು, ತಲೆ ಬಾಚಿಕೊಂಡು, ನೋಡಿದವರು 'ಇಷ್ಟು ಗಲಾಟೆಯಲ್ಲೂ ತಲೆ ಎತ್ತದೆ ಒಬ್ಬ ಮನುಷ್ಯ ಬರೆಯುತ್ತಾ ಕೂತಿದ್ದಾನಲ್ಲ' ಎನ್ನುವಂತೆ ಮಾಂತು ಕೂತಿದ್ದ. ಅವನು ರಶೀದಿ ಪುಸ್ತಕದ ಹಿಂದೆ ಒಂದು ಆಡಿನ ಚಿತ್ರ ಬಿಡಿಸುತ್ತಿದ್ದ. ಗಾಜಿನ ಈ ಬದಿಗೆ ಅದು ಕಾಣಿಸುತ್ತಿರಲಿಲ್ಲ.

ಶೈಲಾ ಹೋಗಿ ಬಾಗಿಲಲ್ಲಿ ನಿಂತಳು. ಈರಬಸಪ್ಪ ಹಿಂದೆ ಹೋದ. ಅವನ ಹಿಂದೆ ಬಸವಪ್ರಭು, ಒಂದು ಕಾಲಿಗೆ ಏಪ್ರನ್ನಿನ ದಾರ ಸುತ್ತಿಕೊಂಡು.

"ಇದನ್ನ ಬರದವರು ನೀವೇನ್ರಿ?" ಎಂದು ಅವಳು ಕಾಗದ ತೋರಿಸಿದಳು.

ಮಾಂತು ತಲೆ ಎತ್ತಲಿಲ್ಲ. "ಹೌದ್ರಿ."

"ಕೊಟೇಶನ್, ಚಲನ್ ಎಲ್ಲಾ ನೀವ ನೋಡ್ತೀರಿ?"

"ಹೌದ್ರಿ."

"ಒಬ್ಬರ ಮಾಡ್ತೀರಿ?"

"ಹೌದ್ರಿ."

"ಮಾಂತೂ," ಎಂದ ಬಸವಪ್ರಭು. ಅದು ಕೂಗಾಗಿರಲಿಲ್ಲ, ದಡದಿಂದ ಹೋಗುತ್ತಿರುವ ದೋಣಿಯನ್ನು ಕರೆದಂತಿತ್ತು.

ಈರಬಸಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ತಪ್ಪ ತಿಳೀಬ್ಯಾಡ್ರಿ, ಕೇಳ್ತೀನಿ. ಮದುವಿ ಆಗೇದೇನ್ರಿ ನಿಮ್ಮದು?"

ಮಾಂತುವಿನ ಪೆನ್ನು ಆಡಿನ ಬಾಲದ ಮೇಲೆ ನಿಂತಿತು. ಜಟ್ಟೆಪ್ಪ ಕೊಟ್ಟ ಅಪ್ಪಣೆ ಸ್ಪಷ್ಟವಾಗಿತ್ತು. ಏನೇ ಕೇಳಿದರೂ ಒಂದೇ ಉತ್ತರ. ಬಸವಪ್ರಭು ಉಸಿರು ಹಿಡಿದು ಆ ಉತ್ತರಕ್ಕೆ ಕಾದ. ನಾಲ್ಕು ವರ್ಷದ ನೌಕರಿಯಲ್ಲಿ ಹೇಳಿದ್ದನ್ನು ಬಿಟ್ಟು ಒಂದಿಷ್ಟೂ ಹೆಚ್ಚಿನ ಕೆಲಸ ಮಾಡದ ಮಾಂತು ಮೆಲ್ಲಗೆ ತಲೆ ಎತ್ತಿದ. ಶೈಲಾಳನ್ನು ನೋಡಿದ. ಅಂಗಿಯ ಕಾಲರು ನೆಟ್ಟಗೆ ಮಾಡಿಕೊಂಡ.

"ಇಲ್ರಿ," ಎಂದ.